ಅಸೈನ್‌ಮೆಂಟ್ ಯಾವಾಗ ಬರೀತೀಯ, ಎಲ್ಲಿ ಕೂತು ಬರೀತೀಯ?

ಡಿಗ್ರಿ ಕಾಲೇಜಿನಲ್ಲಿ ಅಸೈನ್‌ಮೆಂಟ್ ಹೇಗೆ ತಯಾರಾಗುತ್ತದೆ ಅಂತ ಪಾಠ ಮಾಡುವವರಿಗೆಲ್ಲ ಗೊತ್ತು. ಕೊಟ್ಟ ದಿನ ಯಾರೂ ಮುಟ್ಟುವುದಿಲ್ಲ. ಒಪ್ಪಿಸಬೇಕಾದ ಹಿಂದಿನ ಸಂಜೆ ಕ್ಲಾಸಿನಲ್ಲಿ ಬುದ್ಧಿವಂತೆ ಅನಿಸಿಕೊಂಡ ಒಬ್ಬಳು ಕೂತು ಎಲ್ಲ ಲೆಕ್ಕ ಬಿಡಿಸುತ್ತಾಳೆ. ರಾತ್ರಿ ಅದರ ಫೋಟೋ ವಾಟ್ಸಾಪ್ ಗ್ರೂಪಿಗೆ ಬೀಳುತ್ತದೆ. ಬೆಳಗ್ಗೆ ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಕೊನೆಗೆ ಬೇರೆ ಸಬ್ಜೆಕ್ಟಿನ ಕ್ಲಾಸ್ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಉಳಿದವರು ಇಳಿಸಿಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸ್ಟಾಫ್ ರೂಮಿನ ಟೇಬಲ್ ಮೇಲೆ ಪುಸ್ತಕಗಳ ರಾಶಿ. ಆ ಹುಡುಗಿ ಎರಡನೇ ಸಾಲಿನಲ್ಲಿ ಒಂದು ಮೈನಸ್ ಬಿಟ್ಟಿದ್ದರೆ ಎಲ್ಲ ಪುಸ್ತಕದಲ್ಲೂ ಮೈನಸ್ ಇರುವುದಿಲ್ಲ.

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಗಣಿತ ಹೇಳುತ್ತೇನೆ. ಕಳೆದ ವರ್ಷ ಮೊದಲ ಸೆಮಿಸ್ಟರ್‌ನಲ್ಲಿ ಹೋಮ್‌ವರ್ಕ್ ಕೊಡುವ ರೀತಿಯನ್ನೇ ಬದಲಾಯಿಸಿ ನೋಡಿದೆ. ಅದು ಹೇಗೆ ನಡೆಯಿತು, ಎಲ್ಲಿ ಹಿಡಿಯಿತು, ಎಲ್ಲಿ ಹಿಡಿಯಲಿಲ್ಲ ಅನ್ನುವುದನ್ನು ಬರೆಯುತ್ತಿದ್ದೇನೆ.

ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗಲೆಲ್ಲ ಕೇಳಿಬರುವುದು ಒಂದೇ ತೀರ್ಪು. ಈಗಿನ ಮಕ್ಕಳಿಗೆ ಆಸಕ್ತಿ ಇಲ್ಲ, ಮೊಬೈಲ್ ಬಿಟ್ಟು ಬೇರೇನೂ ಬೇಡ. ನನಗೆ ಆ ಮಾತು ಒಪ್ಪಿಗೆಯಾಗುತ್ತಿರಲಿಲ್ಲ. ಆಸಕ್ತಿ ಇಲ್ಲದವರು ಬೆಳಗ್ಗೆ ಐದೂವರೆಗೆ ಎದ್ದು, ಎರಡು ಬಸ್ಸು ಬದಲಾಯಿಸಿ, ನಿಂತುಕೊಂಡೇ ಬಂದು ಕ್ಲಾಸಿನಲ್ಲಿ ಕೂರುತ್ತಾರಾ? ಹಾಗಾಗಿ ಸೆಮಿಸ್ಟರ್ ಶುರುವಾದ ಕೂಡಲೇ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ಹೆಸರು ಹಾಕಬೇಡಿ, ನಿನ್ನೆ ಕಾಲೇಜು ಬಿಟ್ಟಾಗಿನಿಂದ ಮಲಗುವ ತನಕ ಏನೇನು ಮಾಡಿದಿರಿ ಅಂತ ಬರೆಯಿರಿ ಅಂದೆ. ಯಾವ ಭಾಷೆಯಲ್ಲಾದರೂ ಸರಿ.

ಆ ಚೀಟಿಗಳನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಬಸ್ಸಿಗೆ ಕಾದೆ. ದನಕ್ಕೆ ಹುಲ್ಲು ಹಾಕಿದೆ. ಡೇರಿಗೆ ಹಾಲು ಹಾಕಿ ಬಂದೆ. ತಮ್ಮನಿಗೆ ಪಾಠ ಹೇಳಿಕೊಟ್ಟೆ. ಮುದ್ದೆ ಮಾಡಿದೆ. ಕರೆಂಟ್ ಇರಲಿಲ್ಲ. ರೀಲ್ಸ್ ನೋಡಿದೆ. ಬೇಕರಿಯಲ್ಲಿ ಕೆಲಸ ಮಾಡಿದೆ. ಹಾಸ್ಟೆಲ್‌ನಲ್ಲಿ ನೀರು ಬರಲಿಲ್ಲ, ಅದಕ್ಕೇ ಟೈಮ್ ಹೋಯಿತು. ರೀಲ್ಸ್ ಬಹಳ ಜನರ ಚೀಟಿಯಲ್ಲಿತ್ತು, ನಿಜ. ಆದರೆ ಅದು ಬಂದಿದ್ದು ಎಲ್ಲ ಕೆಲಸ ಮುಗಿದು ಸುಸ್ತಾದ ಮೇಲೆ. ಒಬ್ಬರು ಹೀಗೆ ಬರೆದಿದ್ದರು: ‘ಮ್ಯಾಥ್ಸ್ ಪುಸ್ತಕ ತೆಗೆದೆ ಮೇಡಂ. ಎಲ್ಲಿಂದ ಶುರು ಮಾಡಬೇಕು ಗೊತ್ತಾಗಲಿಲ್ಲ. ಮುಚ್ಚಿಟ್ಟೆ.’

ಇಷ್ಟ ಇಲ್ಲ, ಬೇಕಾಗಿಲ್ಲ ಅಂತ ಒಬ್ಬರೂ ಬರೆದಿರಲಿಲ್ಲ. ಓದಬೇಕು ಅನ್ನುವ ಮನಸ್ಸಿತ್ತು. ಆ ಮನಸ್ಸು ಕೆಲಸವಾಗಿ ಬದಲಾಗುವ ಜಾಗದಲ್ಲೇ ತೊಡಕಿತ್ತು.

ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದವರು ಇದಕ್ಕೆ ಏನು ಹೇಳುತ್ತಾರೆ ಅಂತ ಓದತೊಡಗಿದೆ. ಸ್ವನಿಯಂತ್ರಿತ ಕಲಿಕೆ ಅನ್ನುವ ವಿಷಯದಲ್ಲಿ ಮೊದಲು ಕಾಣುವ ಹೆಸರು ಅಮೆರಿಕದ ಬ್ಯಾರಿ ಝಿಮ್ಮರ್‌ಮನ್ ಅವರದು. ತಾವಾಗಿ ಕಲಿಯುವವರ ಕೆಲಸದಲ್ಲಿ ಮೂರು ಹಂತ ಇರುತ್ತವೆ ಅನ್ನುತ್ತಾರೆ ಅವರು. ಕೆಲಸಕ್ಕೆ ಮುಂಚೆ ಏನು, ಹೇಗೆ, ನನ್ನ ಕೈಲಾಗುತ್ತಾ ಅಂತ ಯೋಚಿಸುವುದು. ಮಾಡುವಾಗ ತನ್ನ ಮೇಲೆ ತಾನೇ ಕಣ್ಣಿಡುವುದು. ಮುಗಿದ ಮೇಲೆ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಅಂತ ನೋಡಿಕೊಳ್ಳುವುದು. ಈ ನೋಡಿಕೊಂಡಿದ್ದೇ ಮುಂದಿನ ಕೆಲಸದ ಮೊದಲ ಹಂತಕ್ಕೆ ದಾರಿಯಾಗುತ್ತದೆ. ನಮ್ಮ ಅಸೈನ್‌ಮೆಂಟ್ ಪದ್ಧತಿಯನ್ನು ಇದರ ಪಕ್ಕ ಇಟ್ಟು ನೋಡಿ. ಮೊದಲ ಹಂತ ಮೇಷ್ಟ್ರೇ ಮುಗಿಸಿರುತ್ತಾರೆ: ಯಾವ ಲೆಕ್ಕ, ಎಷ್ಟು, ಯಾವತ್ತು ಕೊಡಬೇಕು. ಕೊನೆಯ ಹಂತವೂ ಮೇಷ್ಟ್ರದ್ದೇ: ಕೆಂಪು ಪೆನ್ನು, ರೈಟು, ರಾಂಗು, ಮಾರ್ಕ್ಸು. ಮಗುವಿನ ಪಾಲಿಗೆ ಉಳಿಯುವುದು ಬರೆಯುವುದೊಂದೇ. ಅದನ್ನೂ ಫೋಟೋ ನೋಡಿ ಬರೆದರೆ ಅವರ ಕೈಗೆ ಏನು ಸಿಕ್ಕಿತು?

ಹಾಗಾಗಿ ಆ ಎರಡು ಹಂತಗಳನ್ನು ಮಕ್ಕಳಿಗೆ ಬಿಟ್ಟುಕೊಡುವುದು ಅಂತ ತೀರ್ಮಾನ ಮಾಡಿದೆ. ಇಂಟರ್ನಲ್ ಮಾರ್ಕ್ಸ್ ನಿಯಮ ಬದಲಾಯಿಸುವುದು ನನ್ನ ಕೈಯಲ್ಲಿಲ್ಲ. ಅಸೈನ್‌ಮೆಂಟಿಗೆ ಅಂತ ಇರುವ ಮಾರ್ಕ್ಸ್ ಯಾವುದಕ್ಕೆ ಕೊಡುತ್ತೇನೆ ಅನ್ನುವುದು ನನ್ನ ಕೈಯಲ್ಲಿದೆ.

ಮೊದಲು ದೊಡ್ಡ ಅಸೈನ್‌ಮೆಂಟ್ ನಿಲ್ಲಿಸಿದೆ. ಒಂದು ಯೂನಿಟ್ ಮುಗಿದ ಮೇಲೆ ಒಟ್ಟಿಗೆ ಹತ್ತಾರು ಲೆಕ್ಕ ಕೊಡುವ ಬದಲು ವಾರಕ್ಕೆ ಎರಡು ಸಲ ಮೂರು ಮೂರು ಲೆಕ್ಕ. ಪುಟದ ಮೇಲ್ಗಡೆ ಒಂದು ಸಾಲು ಕಡ್ಡಾಯ: ಇದನ್ನು ಯಾವಾಗ, ಎಲ್ಲಿ ಕೂತು ಮಾಡುತ್ತೇನೆ. ಅದನ್ನು ಕ್ಲಾಸ್ ಬಿಡುವ ಮುಂಚೆಯೇ, ನನ್ನೆದುರೇ ಬರೆಯಬೇಕು.

ಈ ಸಾಲು ನನಗೆ ಹೊಳೆದದ್ದಲ್ಲ. ಪೀಟರ್ ಗೋಲ್‌ವಿಟ್ಜರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟ್ಟರ್ ಅನ್ನುವ ಮನಶ್ಶಾಸ್ತ್ರಜ್ಞರು 1997ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಕ್ರಿಸ್‌ಮಸ್ ಹಿಂದಿನ ದಿನವನ್ನು ಹೇಗೆ ಕಳೆದೆವು ಅಂತ 48 ಗಂಟೆಯೊಳಗೆ ಬರೆದು ಕಳಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಅರ್ಧ ಜನರಿಗೆ ಯಾವಾಗ, ಎಲ್ಲಿ ಕೂತು ಬರೆಯುತ್ತೀರಿ ಅನ್ನುವುದನ್ನೂ ಮೊದಲೇ ತೀರ್ಮಾನಿಸಲು ಹೇಳಿದರು. ಹಾಗೆ ತೀರ್ಮಾನಿಸಿದವರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಜನ ಸಮಯಕ್ಕೆ ಸರಿಯಾಗಿ ಬರೆದರು. ಉಳಿದವರಲ್ಲಿ ಮೂರನೇ ಒಂದು ಭಾಗದಷ್ಟು ಜನ ಮಾತ್ರ. ಹಬ್ಬದ ರಜೆಯಲ್ಲೂ ಇಷ್ಟು ವ್ಯತ್ಯಾಸ ಆಗುತ್ತದೆ ಅಂದರೆ ನಮ್ಮ ಮಕ್ಕಳಿಗೂ ಆದೀತು ಅನಿಸಿತು.

ಮೊದಮೊದಲು ಎಲ್ಲರೂ ‘ರಾತ್ರಿ 8 ಗಂಟೆ, ಮನೆ’ ಅಂತ ಬರೆದರು. ಒಂದೇ ಅಚ್ಚು. ಕೆಲಸ ಆಗಲಿಲ್ಲ. ರಾತ್ರಿ 8 ಗಂಟೆ ಅನ್ನುವುದು ಹಳ್ಳಿ ಮನೆಯಲ್ಲಿ ಯಾರ ಕೈಯಲ್ಲೂ ಇರುವುದಿಲ್ಲ. ಆಗ ಕರೆಂಟ್ ಹೋಗುತ್ತದೆ, ನೆಂಟರು ಬರುತ್ತಾರೆ, ಟಿವಿ ಹಾಕುತ್ತಾರೆ. ಆಮೇಲೆ ಗಡಿಯಾರ ಬಿಡಿ, ನೀವು ದಿನಾ ತಪ್ಪದೆ ಮಾಡುವ ಒಂದು ಕೆಲಸ ಹೇಳಿ, ಅದರ ಬೆನ್ನಿಗೇ ಇದನ್ನು ಹಚ್ಚಿ ಅಂದೆ. ಆಗ ಸಾಲುಗಳು ಬದಲಾದವು. ‘ಡೇರಿಗೆ ಹಾಲು ಹಾಕಿ ಬಂದ ತಕ್ಷಣ, ಜಗಲಿ ಮೇಲೆ.’ ‘ಹಾಸ್ಟೆಲ್‌ನಲ್ಲಿ ಸಂಜೆ ಕಾಫಿ ಕುಡಿದು ಲೋಟ ತೊಳೆದ ಮೇಲೆ, ಊಟದ ಹಾಲ್‌ನಲ್ಲಿ.’ ‘ಬಸ್‌ಸ್ಟ್ಯಾಂಡ್‌ನಲ್ಲಿ, ನಮ್ಮೂರ ಬಸ್ ಬರೋ ತನಕ.’ ಈ ಕೊನೆಯದು ಬಹಳ ಜನಕ್ಕೆ ಹಿಡಿಸಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ, ದೂರದ ಹಳ್ಳಿಗಳಿಂದಲೂ ಬರುತ್ತಾರೆ. ಆದರೆ ಕಾಯುವ ಹೊತ್ತು ಹಾಗೇ ಇದೆ. ಅದು ಲೆಕ್ಕ ಬಿಡಿಸುವ ಹೊತ್ತಾಯಿತು.

ಒಬ್ಬ ಹುಡುಗ ಮಾತ್ರ ಸಾಲು ಬರೆಯದೆ ಹಾಗೇ ಬಿಡುತ್ತಿದ್ದ. ಕ್ಲಾಸಿನಲ್ಲಿ ಚುರುಕು, ಪ್ರಶ್ನೆ ಕೇಳುತ್ತಿದ್ದ. ಸ್ಟಾಫ್ ರೂಮಿಗೆ ಕರೆದು ಕೂರಿಸಿಕೊಂಡೆ.

‘ಸಂಜೆ 5ರಿಂದ ಹೈವೇ ಪಕ್ಕದ ಬೇಕರಿಲಿ ಕೆಲಸ ಮೇಡಂ. ಮನೆಗೆ ಹೋಗೋಷ್ಟರಲ್ಲಿ ಹತ್ತೂವರೆ ಆಗುತ್ತೆ. ಸುಳ್ಳು ಟೈಮ್ ಬರೆಯೋದು ಯಾಕೆ ಅಂತ ಬರೀಲಿಲ್ಲ.’

‘ಸರಿಯಪ್ಪ. ಬೆಳಗ್ಗೆ ಎಷ್ಟು ಹೊತ್ತಿಗೆ ಬರ್ತೀಯ?’

‘ನಮ್ಮೂರಿಗೆ ಬೆಳಗ್ಗೆ ಒಂದೇ ಬಸ್ಸು. ಎಂಟೂ ಕಾಲಿಗೆ ಇಲ್ಲಿ ಇಳಿಸುತ್ತೆ.’

‘ಕ್ಲಾಸು ಹತ್ತಕ್ಕೆ. ಅಲ್ಲೀ ತನಕ ಏನ್ಮಾಡ್ತೀಯ?’

‘ಸುಮ್ನೆ ಬಸ್‌ಸ್ಟ್ಯಾಂಡ್‌ನಲ್ಲೇ ಇರ್ತೀನಿ. ಕ್ಲಾಸ್‌ರೂಮ್ ಬೀಗ ತೆಗೆಯೋದೇ ಒಂಬತ್ತೂವರೆ ಮೇಲಲ್ವಾ ಮೇಡಂ.’

ದಿನಾ ಒಂದೂ ಕಾಲು ಗಂಟೆ. ಕೂರಲು ಒಂದು ಬೆಂಚಿಲ್ಲದೆ ಹೋಗುತ್ತಿತ್ತು. ಹಾಗೆ ಬೇಗ ಬಂದು ಬಸ್‌ಸ್ಟ್ಯಾಂಡ್‌ನಲ್ಲಿ ನಿಲ್ಲುವವರು ಇನ್ನೂ ಎಷ್ಟು ಜನ ಅಂತ ಕೇಳಿದಾಗ ಕ್ಲಾಸಿನಲ್ಲಿ ಕೈಗಳು ಎದ್ದೇ ಎದ್ದವು. ಪ್ರಿನ್ಸಿಪಾಲರ ಹತ್ತಿರ ಮಾತಾಡಿದೆ. ಅಟೆಂಡರ್ ಅಣ್ಣ ಹೇಗೂ ಬೇಗ ಬರುತ್ತಿದ್ದರು, ಎಂಟೂವರೆಗೇ ಒಂದು ರೂಮಿನ ಬೀಗ ತೆಗೆಯಲು ಒಪ್ಪಿದರು. ಲೈಟು, ಫ್ಯಾನು, ಬೆಂಚು, ಬೋರ್ಡು, ಸೀಮೆಸುಣ್ಣ. ಅಷ್ಟೇ. ಇಡೀ ಸೆಮಿಸ್ಟರ್‌ನಲ್ಲಿ ನಾನು ಮಾಡಿದ ಎಲ್ಲದರಲ್ಲಿ ಜಾಸ್ತಿ ಕೆಲಸಕ್ಕೆ ಬಂದಿದ್ದು ಈ ರೂಮು. ಸ್ವನಿಯಂತ್ರಣ, ಶಿಸ್ತು ಅಂತ ಮಕ್ಕಳಿಗೆ ಎಷ್ಟೇ ಹೇಳಬಹುದು. ಕೂರಲು ಜಾಗ ಕೊಡದೆ ಹೇಳಿದರೆ ಅದು ಅನ್ಯಾಯ.

ಯಾವಾಗ, ಎಲ್ಲಿ ಅನ್ನುವುದು ಹೀಗೆ ಒಂದು ಹದಕ್ಕೆ ಬಂತು. ಹೇಗೆ ಅನ್ನುವುದು ಇನ್ನೂ ಕಷ್ಟದ್ದು.

ನಮ್ಮ ಸಿಲಬಸ್ಸಿನಲ್ಲಿ ಆಯ್ಲರ್ ಪ್ರಮೇಯದ ಒಂದು ಹಳೇ ಲೆಕ್ಕವಿದೆ. ಎಕ್ಸ್ ಘನ ಪ್ಲಸ್ ವೈ ಘನ, ಅದನ್ನು ಎಕ್ಸ್ ಮೈನಸ್ ವೈಯಿಂದ ಭಾಗಿಸಬೇಕು. ಬಂದದ್ದರ ಟ್ಯಾನ್ ಇನ್‌ವರ್ಸ್ ಯು. ಕೊನೆಗೆ ಸೈನ್ ಟೂ ಯು ಬರುತ್ತದೆ ಅಂತ ತೋರಿಸಬೇಕು. ಬಿ.ಎಸ್ಸಿ. ಗಣಿತ ಓದಿದ ಬಹಳ ಜನ ಇದನ್ನು ಕಂಡಿರುತ್ತಾರೆ. ಆ ಪ್ರಮೇಯ ನಡೆಯುವುದು ಹೋಮೋಜೀನಿಯಸ್ ಫಂಕ್ಷನ್‌ಗೆ ಮಾತ್ರ, ಅಂದರೆ ಎಕ್ಸ್, ವೈ ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಇಡೀ ಫಂಕ್ಷನ್ ಆ ಸಂಖ್ಯೆಯ ಒಂದು ಗೊತ್ತಾದ ಘಾತದಷ್ಟು ಪಟ್ಟು ಆಗಬೇಕು. ಆ ಘಾತಕ್ಕೇ ಡಿಗ್ರಿ ಅನ್ನುತ್ತಾರೆ. ಒಬ್ಬ ಹುಡುಗಿ ಪುಸ್ತಕದಲ್ಲಿ ಬಿಡಿಸಿದ್ದನ್ನು ಮೂರು ಸಲ ಓದಿದ್ದಳು. ಪ್ರತಿ ಸಾಲಿಗೂ ಹಸಿರು ಹೈಲೈಟರ್. ಅರ್ಥ ಆಗಿದೆಯಾ ಅಂದರೆ ಪೂರ್ತಿ ಆಗಿದೆ ಮೇಡಂ ಅಂದಳು. ಪುಸ್ತಕ ಮುಚ್ಚಿ ಖಾಲಿ ಹಾಳೆ ಕೊಟ್ಟೆ. ಪ್ರಶ್ನೆ ಬರೆದುಕೊಂಡಳು. ‘ಯು ಹೋಮೋಜೀನಿಯಸ್ ಫಂಕ್ಷನ್, ಡಿಗ್ರಿ ಎರಡು’ ಅಂತ ಬರೆದಳು. ಅಲ್ಲೇ ನಿಂತಳು, ಮುಂದೆ ಹೋಗಲು ದಾರಿಯಿಲ್ಲ. ಯಾಕೆಂದರೆ ಹೋಮೋಜೀನಿಯಸ್ ಆಗಿರುವುದು ಯು ಅಲ್ಲ, ಟ್ಯಾನ್ ಯು. ಎರಡೂ ಕಡೆ ಮೊದಲು ಟ್ಯಾನ್ ತೆಗೆದುಕೊಂಡು, ಆಮೇಲೆ ಆಯ್ಲರ್ ಪ್ರಮೇಯ ಹಾಕಬೇಕು. ಆ ಸಾಲು ಪುಸ್ತಕದಲ್ಲಿ ಇತ್ತು, ಅದಕ್ಕೂ ಹಸಿರು ಬಳಿದಿತ್ತು. ಯಾಕೆ ಬೇಕು ಅಂತ ಕೈಯಲ್ಲಿ ಮಾಡುವ ತನಕ ಅವಳಿಗೆ ಪ್ರಶ್ನೆಯೇ ಬಂದಿರಲಿಲ್ಲ.

ಸ್ವಲ್ಪ ಹೊತ್ತು ಹಾಳೆ ನೋಡುತ್ತಾ ಕೂತಿದ್ದು ಅವಳೇ ಹೇಳಿದಳು, ‘ಅಕ್ಕ ಹಾಕಿದ ರಂಗೋಲಿ ಥರ ಮೇಡಂ. ನೋಡಿದಾಗ ಇಷ್ಟೇನಾ ಅನಿಸುತ್ತೆ. ನಾನೇ ಚುಕ್ಕಿ ಇಟ್ಟು ಕೂತರೆ ಕೈ ಓಡಲ್ಲ.’

ಓದಿದ್ದು ಪರಿಚಯವಾದರೆ ಸಾಕು, ಬಂದುಬಿಟ್ಟಿದೆ ಅನಿಸುತ್ತದೆ. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ತುಂಬ ಸ್ಪಷ್ಟವಾಗಿ ತೋರಿಸಿದ್ದಾರೆ. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸುತ್ತು ಓದಿತು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಉಳಿದ ಮೂರು ಸುತ್ತಿನಲ್ಲಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ನೆನಪಿದ್ದಿದ್ದು ನೂರಕ್ಕೆ 40ರಷ್ಟು, ನೋಡದೆ ಬರೆದವರಿಗೆ 61ರಷ್ಟು. ಇದನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ತೋರಿಸಿದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗಿ, ಮುಂದಿನ ಸೆಮಿಸ್ಟರ್‌ನಲ್ಲಿ ಏನೂ ನೆನಪಿಲ್ಲ ಅನ್ನುವುದು ಯಾಕೆ ಅಂತ ಅವರಿಗೇ ತಿಳಿಯಿತು. ದಡ್ಡತನ ಅಲ್ಲ, ಓದಿದ ರೀತಿ ಹಾಗಿತ್ತು.

ಅಲ್ಲಿಂದ ನಿಯಮ ಹೀಗಾಯಿತು. ಬಿಡಿಸಿದ ಲೆಕ್ಕವನ್ನು ಓದಿ. ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ಮಾಡಿ. ಸಿಕ್ಕಿಕೊಂಡ ಜಾಗದಲ್ಲಿ ಒಂದು ಗೆರೆ ಎಳೆದು, ಆಮೇಲೆ ಪುಸ್ತಕ ತೆರೆಯಿರಿ. ಲೆಕ್ಕ ಶುರು ಮಾಡುವ ಮುಂಚೆ ಮಾರ್ಜಿನ್‌ನಲ್ಲಿ ಬರುತ್ತೆ, ಬರಲ್ಲ, ಅನುಮಾನ ಅಂತ ಮೂರರಲ್ಲೊಂದು ಬರೆಯಿರಿ. ಕಾರಣಗಳನ್ನು ಕನ್ನಡದಲ್ಲಿ ಬರೆದರೂ ಸರಿ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ನಮ್ಮಲ್ಲಿ ಬಹಳ. ಇಂಗ್ಲಿಷ್ ವಾಕ್ಯ ಸರಿಯಾಗುತ್ತೋ ಇಲ್ಲವೋ ಅನ್ನುವ ಭಯಕ್ಕೇ ಅವರು ಯೋಚನೆ ಬಿಟ್ಟು ಪುಸ್ತಕದ ಸಾಲು ಇಳಿಸುತ್ತಾರೆ. ಕನ್ನಡಕ್ಕೆ ಬಿಟ್ಟ ಕೂಡಲೇ ಅವರ ತಲೆಯಲ್ಲಿ ಏನು ನಡೆಯುತ್ತಿದೆ ಅಂತ ನನಗೂ ಕಾಣತೊಡಗಿತು.

ಮಾರನೇ ಬೆಳಗ್ಗೆ ಎಂಟೂವರೆ ರೂಮಿನ ಗೋಡೆಗೆ ಪೂರ್ತಿ ಉತ್ತರ ಅಂಟಿಸುತ್ತಿದ್ದೆ. ಕೆಂಪು ಪೆನ್ನು ಅವರ ಕೈಯಲ್ಲಿ. ತಮ್ಮ ಪುಟ ತಾವೇ ತಿದ್ದಿ, ಕೆಳಗೆ ನನ್ನ ತಪ್ಪು ಎಲ್ಲಿ, ಯಾಕೆ ಅಂತ ಎರಡು ಸಾಲು ಬರೆಯಬೇಕು. ಮಾರ್ಕ್ಸ್ ಉತ್ತರಕ್ಕಲ್ಲ, ಆ ಎರಡು ಸಾಲಿಗೆ. ಆರಂಭದಲ್ಲಿ ಎಲ್ಲರೂ ಬರೆದಿದ್ದು ‘ಸಿಲ್ಲಿ ಮಿಸ್ಟೇಕ್’. ಆ ಮಾತನ್ನು ನಿಷೇಧ ಮಾಡಿದೆ. ಯಾವ ಸಾಲು, ಯಾವ ಚಿಹ್ನೆ, ಆಗ ಏನು ಯೋಚಿಸುತ್ತಿದ್ದೆ ಅಂತ ಹೇಳಬೇಕು. ಮ್ಯಾಟ್ರಿಕ್ಸ್ ರ್‍ಯಾಂಕಿನ ಲೆಕ್ಕದ ಕೆಳಗೆ ಒಬ್ಬಳು ಬರೆದಳು: ‘ಮೊದಲ ರೋ ಮೂರರಿಂದ ಗುಣಿಸಿ ಕಳೆಯುವಾಗ ಕೊನೆ ಕಾಲಮ್ ತಲುಪುವಷ್ಟರಲ್ಲಿ ಮೂರು ಮರೆತು ಸುಮ್ಮನೆ ಕಳೆದೆ. ಎರಡು ಸಲ ಹೀಗೇ ಆಗಿದೆ. ಇನ್ನು ಮೇಲೆ ಮೂರರಿಂದ ಗುಣಿಸಿದ ರೋ ಪಕ್ಕದಲ್ಲಿ ಬರೆದುಕೊಂಡು ಆಮೇಲೆ ಕಳೆಯುತ್ತೇನೆ.’ ನಾನು ಇಂಥ ತಪ್ಪಿಗೆ ಕೆಂಪು ಸುತ್ತು ಹಾಕಿ ವಾಪಸ್ ಕೊಡಬಹುದು. ಅದು ಎರಡನೇ ಸಲ ಆಗುತ್ತಿದೆ ಅಂತ ಅವಳಿಗೆ ಮಾತ್ರ ಗೊತ್ತಾಗಲು ಸಾಧ್ಯ. ಪರಿಹಾರವನ್ನೂ ಅವಳೇ ಕಂಡುಕೊಂಡಳು. ಝಿಮ್ಮರ್‌ಮನ್ ಹೇಳುವ ಮೂರನೇ ಹಂತ ಮೊದಲ ಹಂತಕ್ಕೆ ಕೂಡಿಕೊಳ್ಳುವುದನ್ನು ಒಂದು ನೋಟ್‌ಬುಕ್ಕಿನ ಪುಟದಲ್ಲಿ ನೋಡಿದ ಖುಷಿ ನನಗೆ ಇನ್ನೂ ಹೋಗಿಲ್ಲ.

ಎಲ್ಲ ಹೀಗೇ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಕೆಲವರು ತಪ್ಪಿನ ಎರಡು ಸಾಲನ್ನೂ ಫ್ರೆಂಡ್ ಪುಸ್ತಕ ನೋಡಿ ಬರೆದರು. ಅದಕ್ಕೆ ಲೆಕ್ಕದ ಒಂದು ಅಂಕಿಯ ಜಾಗದಲ್ಲಿ ಅವರವರ ರಿಜಿಸ್ಟರ್ ನಂಬರಿನ ಕೊನೆಯ ಅಂಕಿ ಹಾಕಿಕೊಳ್ಳಲು ಹೇಳಿದೆ. ಲೆಕ್ಕ ಒಂದೇ, ಅಂಕಿ ಬೇರೆ. ಈಗ ಪಕ್ಕದವರನ್ನು ಕೇಳಿದರೆ ‘ಹೇಗೆ’ ಅಂತ ಕೇಳಬೇಕು, ‘ಎಷ್ಟು ಬಂತು’ ಅಂತ ಕೇಳಿ ಪ್ರಯೋಜನವಿಲ್ಲ. ಗೋಡೆಯ ಉತ್ತರವೂ ಆಮೇಲೆ ದಾರಿ ತೋರಿಸುವಷ್ಟೇ ಆಯಿತು.

ಫೋಟೋ ತೆಗೆದರೆ ಬಿಡಿಸಿಕೊಡುವ ಆ್ಯಪ್‌ಗಳು, ಚಾಟ್‌ಜಿಪಿಟಿ ಎಲ್ಲರ ಫೋನಿನಲ್ಲೂ ಇವೆ. ಬೇಡ ಅಂತ ನಾನು ಹೇಳಲಿಲ್ಲ. ಗೆರೆ ಎಳೆದ ಮೇಲೆ ಬಳಸಿ ಅಂದೆ, ಅಂದರೆ ತಾವಾಗಿ ಮಾಡಿ ಸಿಕ್ಕಿಕೊಂಡ ಮೇಲೆ. ಮತ್ತೆ ಕ್ಲಾಸಿನಲ್ಲಿ ಯಾರನ್ನಾದರೂ ಬೋರ್ಡಿಗೆ ಕರೆದು ಒಂದು ಸಾಲಿನ ಕಾರಣ ಕೇಳುತ್ತೇನೆ ಅಂತಲೂ ಹೇಳಿದೆ. ಕೇಳಿದೆ ಕೂಡ. ಇದರಿಂದ ಪೂರ್ತಿ ತಡೆ ಆಯಿತು ಅಂತ ನಾನು ನಂಬಿಲ್ಲ. ಆದರೆ ಫೋನ್ ಮೊದಲು ತೆರೆದವರಿಗೂ ಕೊನೆಗೆ ತೆರೆದವರಿಗೂ ಇರುವ ವ್ಯತ್ಯಾಸ ಬೋರ್ಡಿನ ಮುಂದೆ ಅವರಿಗೇ ಗೊತ್ತಾಗುತ್ತಿತ್ತು.

ಹುಮ್ಮಸ್ಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅನ್ನುವ ಮನಶ್ಶಾಸ್ತ್ರಜ್ಞರು ಮನುಷ್ಯ ಒಳಗಿನಿಂದ ಕೆಲಸಕ್ಕೆ ತೊಡಗಲು ಮೂರು ಬೇಕು ಅನ್ನುತ್ತಾರೆ: ಇದು ನನ್ನ ಆಯ್ಕೆ ಅನ್ನುವ ಭಾವ, ನನ್ನ ಕೈಲಾಗುತ್ತದೆ ಅನ್ನುವ ಧೈರ್ಯ, ಜೊತೆಗೆ ಜನ ಇದ್ದಾರೆ ಅನ್ನುವ ನಂಟು. ಆಯ್ಕೆಗೆ ನಾನು ಮಾಡಿದ್ದು ಸಣ್ಣದು, ಐದು ಲೆಕ್ಕ ಕೊಟ್ಟು ಯಾವುದಾದರೂ ಮೂರು ಮಾಡಿ ಅಂದೆ. ಸುಲಭದ್ದನ್ನೇ ಆರಿಸುತ್ತಾರೆ ಅಂತ ಸಹೋದ್ಯೋಗಿಗಳು ಎಚ್ಚರಿಸಿದ್ದರು. ಕೆಲವರು ಹಾಗೇ ಮಾಡಿದರು, ಆದರೆ ಎಷ್ಟೋ ಜನ ಬರಲ್ಲ ಅಂತ ಬರೆದುಕೊಂಡ ಲೆಕ್ಕವನ್ನೇ ಬೇಕಂತ ಆರಿಸಿದರು. ನಂಟನ್ನು ನಾನು ಏರ್ಪಡಿಸಲಿಲ್ಲ. ಒಂದೇ ಬಸ್ಸಿನವರು, ಒಂದೇ ಹಾಸ್ಟೆಲಿನವರು ತಾವೇ ಗುಂಪಾದರು. ಬೇಕರಿ ಹುಡುಗ ಬೆಳಗಿನ ರೂಮಿನಲ್ಲಿ ಬೋರ್ಡ್ ಹಿಡಿದುಬಿಟ್ಟ. ತನಗೆ ಬಂದದ್ದನ್ನು ಬೇರೆಯವರಿಗೆ ಹೇಳಿಕೊಡುತ್ತಾ ಅವನಿಗೇ ಇನ್ನಷ್ಟು ಗಟ್ಟಿಯಾಯಿತು.

ಎರಡನೇ ಇಂಟರ್ನಲ್ ಹೊತ್ತಿಗೆ ಕಂಡ ಬದಲಾವಣೆ ಮಾರ್ಕ್ಸಿಗಿಂತ ಜಾಸ್ತಿ ಉತ್ತರ ಪುಸ್ತಕದಲ್ಲಿತ್ತು. ಖಾಲಿ ಬಿಟ್ಟ ಪುಟ ಕಡಿಮೆ. ಅರ್ಧ ಮಾಡಿ ನಿಲ್ಲಿಸಿದ ಲೆಕ್ಕಗಳು ಜಾಸ್ತಿ, ನಿಂತ ಜಾಗದಲ್ಲಿ ‘ಇಲ್ಲಿಂದ ಮುಂದೆ ಗೊತ್ತಿಲ್ಲ’ ಅನ್ನುವ ಸಾಲು. ನನಗೆ ಅದು ದೊಡ್ಡ ಗಳಿಕೆ. ಎಲ್ಲಿ ಗೊತ್ತಿಲ್ಲ ಅಂತ ಗೊತ್ತಿರುವವರಿಗೆ ಪಾಠ ಮಾಡಬಹುದು. ಪಾಸಾದವರೂ ಹಿಂದಿನ ಬ್ಯಾಚಿಗಿಂತ ಜಾಸ್ತಿ, ಆದರೆ ಒಂದೇ ಬ್ಯಾಚ್ ನೋಡಿ ಅದರ ಮೇಲೆ ಏನನ್ನೂ ಕಟ್ಟುವುದು ಸರಿಯಲ್ಲ.

ಹಿಡಿಯದವರೂ ಇದ್ದರು. ಮನೆಯಲ್ಲಿ ಮದುವೆ ಮಾತು ಎದ್ದ ಮೇಲೆ ಒಬ್ಬಳು ಪುಸ್ತಕ ತರುವುದನ್ನೇ ನಿಲ್ಲಿಸಿದಳು. ಯಾವ ಸಾಲು, ಯಾವ ರೂಮು ಅವಳಿಗೆ ಏನು ಮಾಡೀತು? ಅವರಮ್ಮನ ಹತ್ತಿರ ಫೋನಿನಲ್ಲಿ ಮಾತಾಡಿದೆ, ಡಿಗ್ರಿ ಮುಗಿಯುವ ತನಕ ತಡೆಯುತ್ತೇವೆ ಅಂದಿದ್ದಾರೆ. ಇನ್ನು ಕೆಲವರಿಗೆ ಪಿಯುಸಿಯ ಬೀಜಗಣಿತವೇ ಬಂದಿಲ್ಲ. ಅವರು ಎಷ್ಟು ಚೆನ್ನಾಗಿ ಪ್ಲಾನ್ ಮಾಡಿದರೂ ಕೂತಾಗ ಕೈ ನಿಲ್ಲುತ್ತದೆ. ಅವರಿಗೆ ಬೇಕಾದದ್ದು ಅಭ್ಯಾಸದ ಪಾಠ ಅಲ್ಲ, ಬೀಜಗಣಿತದ ಪಾಠ. ಶನಿವಾರ ಅದನ್ನು ಶುರು ಮಾಡಿದ್ದೇನೆ.

ಎರಡನೇ ಸೆಮಿಸ್ಟರ್‌ನಲ್ಲಿ ಯಾವಾಗ-ಎಲ್ಲಿ ಸಾಲು ಕಡ್ಡಾಯ ಅನ್ನುವುದನ್ನು ತೆಗೆದುಬಿಟ್ಟೆ. ನಾನು ಕೇಳುವುದೂ ಇಲ್ಲ. ಕೆಲವರು ಬರೆಯುವುದನ್ನು ಬಿಟ್ಟಿದ್ದಾರೆ, ಅವರಲ್ಲಿ ಕೆಲವರ ಕೆಲಸ ಸಮಯಕ್ಕೆ ಬರುತ್ತಿದೆ, ಕೆಲವರದು ಮತ್ತೆ ಹಿಂದಿನ ರಾತ್ರಿಗೆ ಜಾರಿದೆ. ಜಾರಿದವರ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡುತ್ತಿದ್ದೇನೆ. ಈ ನಡುವೆ ನಮ್ಮ ಬಿ.ಕಾಂ. ವಿಭಾಗದ ಸಹೋದ್ಯೋಗಿಯೊಬ್ಬರು ಕಾಸ್ಟ್ ಅಕೌಂಟಿಂಗ್‌ಗೆ ಇದೇ ರೀತಿ ಮಾಡೋಣ ಅಂತ ಬಂದಿದ್ದಾರೆ. ಅವರ ಕ್ಲಾಸಿನಲ್ಲಿ ನೂರಕ್ಕೂ ಜಾಸ್ತಿ ಮಕ್ಕಳು. ಅಷ್ಟು ಜನರ ಎರಡೆರಡು ಸಾಲು ವಾರಕ್ಕೆ ಎರಡು ಸಲ ಒಬ್ಬರೇ ಓದುವುದು ಆಗದ ಮಾತು. ಪ್ರತಿ ಸಲ ಚೀಟಿ ಎತ್ತಿ ಒಂದಷ್ಟು ಪುಸ್ತಕ ಮಾತ್ರ ಓದುವುದು, ಉಳಿದವರದ್ದನ್ನು ಬೆಂಚಿನ ಪಕ್ಕದವರು ಓದಿ ಸಹಿ ಹಾಕುವುದು ಅಂತ ಸದ್ಯಕ್ಕೆ ಯೋಚಿಸಿದ್ದೇವೆ. ಬೆಳಗಿನ ರೂಮಿಗೆ ಅವರ ಮಕ್ಕಳೂ ಬಂದರೆ ಜಾಗ ಸಾಲುವುದಿಲ್ಲ. ಪಕ್ಕದ ರೂಮಿನ ಬೀಗದ ಕೈ ಕೇಳಿದ್ದೇವೆ.